ಅನ್ನ, ಆಸರೆ, ಹೆಜ್ಜೆ: ಯಕ್ಷಗಾನದ ಉಚಿತ ಶಿಕ್ಷಣ ನಡೆದುಬಂದ ದಾರಿ

ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಕುಣಿತ ಕಲಿಯಲು ಬಂದ ಹುಡುಗನಿಂದ ತಿಂಗಳ ಶುಲ್ಕ ಪಡೆಯುವ ಪದ್ಧತಿ ಇರಲಿಲ್ಲ. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟ ಮೇಳ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಗೆಜ್ಜೆ ಬಿಚ್ಚುತ್ತಿತ್ತು. ಅಲ್ಲಿಯವರೆಗೆ ಹುಡುಗನ ಊಟ ಆಟ ಆಡಿಸುವವರ ಮನೆಯಲ್ಲಿ, ನಿದ್ದೆ ಸಿಕ್ಕ ಚಾವಡಿಯಲ್ಲಿ, ಪಾಠ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಮತ್ತು ರಂಗದ ಬದಿಯಲ್ಲಿ. ಅವನ ಕಲಿಕೆಯ ಖರ್ಚನ್ನು ಹೀಗೆ ಹರಕೆ ಹೊತ್ತು ಆಟ ಆಡಿಸುವವರು ತಮಗೆ ಗೊತ್ತಿಲ್ಲದಂತೆಯೇ ಭರಿಸುತ್ತಿದ್ದರು. ಬಡವರ ಮಕ್ಕಳು ನೃತ್ಯ ಕಲಿತದ್ದು ಹೇಗೆ ಎಂಬ ಪ್ರಶ್ನೆಗೆ ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ ಮತ್ತು ಕಾಸರಗೋಡು ಸೀಮೆಯಲ್ಲಿ ಸಿಗುವ ಮೊದಲ ಉತ್ತರ ಈ ಏರ್ಪಾಟು. ಮುಂದೆ ಹುಟ್ಟಿದ ಕೇಂದ್ರಗಳೂ ವಿದ್ಯಾರ್ಥಿವೇತನಗಳೂ ಶಾಲಾ ತರಗತಿಗಳೂ ಒಂದಲ್ಲ ಒಂದು ಬಗೆಯಲ್ಲಿ ಇದರ ಜಾಗ ತುಂಬಲು ಬಂದವು.

ಮೇಳದ ಶಿಕ್ಷಣಕ್ಕೆ ಲಿಖಿತ ಪಠ್ಯಕ್ರಮ ಇರಲಿಲ್ಲ. ಆದರೆ ಅನುಕ್ರಮ ಬಲು ಬಿಗಿಯಾಗಿತ್ತು. ಹೊಸಬನಿಗೆ ಮೊದಲು ಸಿಗುವುದು ಕೋಡಂಗಿ ವೇಷ. ಪ್ರೇಕ್ಷಕರು ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಹೊತ್ತಿನಲ್ಲಿ ಅವನು ರಂಗಕ್ಕೆ ಬಂದು ತಾಳಕ್ಕೆ ಹೆಜ್ಜೆ ಹಾಕಿ ಹೋಗಬೇಕು. ತಪ್ಪಿದರೆ ಗಮನಿಸುವವರು ಕಡಿಮೆ. ಅಲ್ಲಿ ಕಾಲು ಕುದುರಿದ ಮೇಲೆ ಬಾಲಗೋಪಾಲ, ನಂತರ ಪೂರ್ವರಂಗದ ಸ್ತ್ರೀವೇಷ. ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಇದು ಪೀಠಿಕೆ ಸ್ತ್ರೀವೇಷ, ದಕ್ಷಿಣದ ತೆಂಕುತಿಟ್ಟಿನಲ್ಲಿ ಮುಖ್ಯ ಸ್ತ್ರೀವೇಷ. ಅದನ್ನು ದಾಟಿದವನಿಗೆ ಪ್ರಸಂಗದೊಳಗೆ ದೂತನೋ ಬಲನೋ ಆಗುವ ಅವಕಾಶ. ಪುಂಡುವೇಷಕ್ಕೋ ಎರಡನೆಯ ವೇಷಕ್ಕೋ ಏರಲು ವರ್ಷಗಳೇ ಬೇಕು. ಪೂರ್ವರಂಗವನ್ನು ದೇವತಾಸ್ತುತಿಯ ಭಾಗವೆಂದು ವಿವರಿಸುವುದು ರೂಢಿ. ಅದು ಮೇಳದ ಪಾಠಶಾಲೆಯೂ ಆಗಿತ್ತು. ಪ್ರತಿ ರಾತ್ರಿ, ಜನರ ಎದುರು, ನಿಜವಾದ ಚೆಂಡೆ ಮದ್ದಳೆಯ ಜೊತೆ, ಆರು ತಿಂಗಳು ಎಡೆಬಿಡದೆ ಅಭ್ಯಾಸ ಮಾಡಿಸುವ ತರಗತಿಯನ್ನು ಯಾವ ನೃತ್ಯಶಾಲೆಯೂ ಶುಲ್ಕ ಕಟ್ಟಿದವರಿಗೂ ಕೊಡಲಾರದು.

ಮಳೆಗಾಲದ ಪಾಠ ಬೇರೆ ತೆರನದು. ತಿರುಗಾಟ ಇಲ್ಲದ ಆ ತಿಂಗಳುಗಳಲ್ಲಿ ಹಿರಿಯ ವೇಷಧಾರಿಗಳು, ಭಾಗವತರು ಮನೆಯಲ್ಲೇ ಇರುತ್ತಿದ್ದರು. ಕಲಿಯುವ ಹುಡುಗರು ಅಲ್ಲಿಗೆ ಹೋಗಿ, ಗದ್ದೆ ತೋಟದ ಕೆಲಸಕ್ಕೆ ಕೈ ಜೋಡಿಸಿ, ತಾಳ ಹೆಜ್ಜೆ ಹೇಳಿಸಿಕೊಳ್ಳುತ್ತಿದ್ದರು. ಬಡಗು ಸೀಮೆಯ ಹೂವಿನಕೋಲು ಈ ಲೆಕ್ಕಾಚಾರದ ಇನ್ನೂ ಜಾಣತನದ ರೂಪ. ನವರಾತ್ರಿಯ ದಿನಗಳಲ್ಲಿ ಐಗಳು, ಅಂದರೆ ಊರಿನ ಮೇಷ್ಟ್ರು, ತಮ್ಮ ಮಠದ (ಪಾಠಶಾಲೆಯ) ಮಕ್ಕಳನ್ನು, ಭಾಗವತಿಕೆ ಮದ್ದಳೆಯ ಸಮೇತ, ಮನೆಯಿಂದ ಮನೆಗೆ ಕರೆದೊಯ್ಯುತ್ತಿದ್ದರು. ಮಕ್ಕಳು ಹೂ ಸುತ್ತಿದ ಕೋಲು ಹಿಡಿದು ಎದುರುಬದುರಾಗಿ ಕುಳಿತು ಪ್ರಸಂಗದ ಒಂದು ತುಣುಕನ್ನು ಪದ್ಯ, ಅರ್ಥಗಳೊಡನೆ ನಡೆಸಿಕೊಡುತ್ತಿದ್ದರು. ಮನೆಯವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಕಾಸು ಐಗಳಿಗೆ ಸೇರುತ್ತಿತ್ತು. ವಿದ್ಯಾರ್ಥಿಗೆ ಕೊಡಲಾಗದ ಗುರುದಕ್ಷಿಣೆಯನ್ನು ಊರು ಕೊಡುತ್ತಿತ್ತು. ಪ್ರತಿಯಾಗಿ ಮಕ್ಕಳು ಏನು ಕಲಿತಿದ್ದಾರೆಂಬ ವಾರ್ಷಿಕ ಪರೀಕ್ಷೆಯನ್ನೂ ಊರೇ ನಡೆಸುತ್ತಿತ್ತು.

ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಬೆಲೆಯನ್ನೂ ಹೇಳಬೇಕು. ಆರು ತಿಂಗಳು ರಾತ್ರಿ ಎಚ್ಚರ, ಹಗಲು ಮುಂದಿನ ಊರಿಗೆ ನಡಿಗೆ. ಮೇಳ ಸೇರಿದ ಹುಡುಗನ ಶಾಲೆ ಅಲ್ಲಿಗೆ ಮುಗಿಯಿತು. ಎರಡನೆಯ, ಮೂರನೆಯ ತರಗತಿಗೆ ಓದು ನಿಲ್ಲಿಸಿದವರು ಯಕ್ಷಗಾನದ ಚರಿತ್ರೆಯಲ್ಲಿ ಎಷ್ಟೋ ಮಂದಿ. ಅವರಲ್ಲಿ ಕೆಲವರು ರಂಗದ ಮೇಲೆ ಮಹಾಭಾರತದ ಸೂಕ್ಷ್ಮಗಳನ್ನು ಪಂಡಿತರು ತಲೆದೂಗುವಂತೆ ಬಿಡಿಸಿಟ್ಟದ್ದೂ ಹೌದು. ಆದರೆ ದೊಡ್ಡ ವೇಷದವರೆಗೆ ಏರದೆ ಉಳಿದವರಿಗೆ ಕೈಯಲ್ಲಿ ಓದೂ ಇಲ್ಲ, ಬೇರೆ ಕಸುಬೂ ಇಲ್ಲ. ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಮೇಳ ಗಂಡಸರದ್ದು. ಸ್ತ್ರೀವೇಷವನ್ನೂ ಗಂಡಸರೇ ಮಾಡುತ್ತಿದ್ದರಿಂದ ಈ ಉಚಿತ ವಿದ್ಯೆಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿಯೇ ಇತ್ತು.

1950ರ ದಶಕದಿಂದ ಡೇರೆ ಮೇಳಗಳು ಬಂದಾಗ ಕೋಡಂಗಿಯಿಂದ ಮೇಲೇರುವ ಕಲಿಕೆಯ ಏಣಿಯ ಕೆಳಗಿನ ಮೆಟ್ಟಿಲುಗಳು ಕಳಚಿಕೊಂಡವು. ಬಯಲಾಟದಲ್ಲಿ ಖರ್ಚು ಹರಕೆಯವರದ್ದು, ನೋಡುವವರಿಗೆ ಆಟ ಬಿಟ್ಟಿ. ಡೇರೆಯಲ್ಲಿ ಟಿಕೆಟು. ಹಣ ಕೊಟ್ಟು ಬಂದವನು ಕೋಡಂಗಿಯ ತಡವರಿಸುವ ಹೆಜ್ಜೆಗಳನ್ನು ನೋಡಲು ಒಪ್ಪುವುದಿಲ್ಲ. ಅವನಿಗೆ ಹೆಸರುವಾಸಿ ಕಲಾವಿದರು ಬೇಕು, ಪ್ರಸಂಗ ಬೇಗ ಸುರುವಾಗಬೇಕು. ಯಜಮಾನರು ಪೂರ್ವರಂಗವನ್ನು ಮೊಟಕುಗೊಳಿಸಿದರು. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಹರಕೆ ಮೇಳಗಳು ಅದನ್ನು ಅಷ್ಟಿಷ್ಟು ಉಳಿಸಿಕೊಂಡವಾದರೂ ಡೇರೆ ಮೇಳಗಳ ಆಕರ್ಷಣೆ ಬೇರೆಯೇ ಇತ್ತು. ಪರಿಣಾಮ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. ಸಿದ್ಧ ಕಲಾವಿದರಿಗೆ ಬೇಡಿಕೆ ಏರಿತು, ಕಲಾವಿದರು ಸಿದ್ಧರಾಗುವ ಜಾಗ ಇಲ್ಲವಾಯಿತು. ಒಡ್ಡೋಲಗದ ಕ್ರಮ, ತಾಳಗಳಿಗೆ ಹೊಂದಿದ ಹೆಜ್ಜೆಗಾರಿಕೆ, ಮಟ್ಟುಗಳ ಶುದ್ಧಿ ಸಡಿಲಗೊಳ್ಳುತ್ತಿವೆ ಎಂದು ಶಿವರಾಮ ಕಾರಂತರು ಪದೇಪದೇ ಬರೆದದ್ದು, ಹೇಳಿದ್ದು ಈ ಹಿನ್ನೆಲೆಯಲ್ಲಿ. ಅವರ ‘ಯಕ್ಷಗಾನ ಬಯಲಾಟ’ ಪ್ರಕಟವಾದದ್ದು 1957ರಲ್ಲಿ.

ನೆರೆಯ ಕೇರಳದಲ್ಲಿ ಇಂಥದೇ ಬಿಕ್ಕಟ್ಟಿಗೆ ಪರಿಹಾರ ಬಹಳ ಮೊದಲೇ ಹುಟ್ಟಿತ್ತು. ಅರಮನೆ, ಮನೆತನಗಳ ಪೋಷಣೆ ಕುಗ್ಗಿ ಕಥಕಳಿ ಸೊರಗಿದಾಗ ಮಹಾಕವಿ ವಳ್ಳತ್ತೋಳ್ ನಾರಾಯಣ ಮೇನೋನ್ ಅವರು ಮಣಕ್ಕುಳಂ ಮುಕುಂದರಾಜರ ಜೊತೆ ಸೇರಿ 1930ರಲ್ಲಿ ಕೇರಳ ಕಲಾಮಂಡಲವನ್ನು ಆರಂಭಿಸಿದರು. ಅದಕ್ಕೆ ಹಣ ಕೂಡಿಸಲು ಅವರು ಲಾಟರಿ ಕೂಡ ನಡೆಸಿದರು. ಸಾಂಪ್ರದಾಯಿಕ ಕಲೆಗೆ ವಸತಿಶಾಲೆ ಕಟ್ಟಬಹುದು, ಬಡ ಹುಡುಗನನ್ನು ಸಂಸ್ಥೆಯೇ ಸಾಕಿ ಕಲಾವಿದನನ್ನಾಗಿ ಮಾಡಬಹುದು ಎಂಬುದಕ್ಕೆ ಮಾದರಿ ಹಾಗೆ ಹತ್ತಿರದಲ್ಲೇ ಇತ್ತು.

ಕರ್ನಾಟಕದಲ್ಲಿ ಅಂಥ ಪ್ರಯತ್ನ ಗಟ್ಟಿಯಾಗಿ ನೆಲೆ ಕಂಡದ್ದು ಉಡುಪಿಯಲ್ಲಿ, 1970ರ ದಶಕದ ಮೊದಲಲ್ಲಿ. ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರ ಸಂಘಟನಾಶಕ್ತಿ, ಶಿವರಾಮ ಕಾರಂತರ ಕಲಾದೃಷ್ಟಿ, ಮಣಿಪಾಲದ ಸಂಸ್ಥೆಗಳ ಬೆಂಬಲ ಕೂಡಿದ್ದರಿಂದ ಯಕ್ಷಗಾನ ಕೇಂದ್ರ ಹುಟ್ಟಿತು. ಮೊದಲ ಗುರುಗಳು ಮೇಳದಿಂದಲೇ ಬಂದರು: ಮಟಪಾಡಿ ಶೈಲಿಯ ಕುಣಿತಕ್ಕೆ ವೀರಭದ್ರ ನಾಯಕ್, ಭಾಗವತಿಕೆಗೆ ನೀಲಾವರ ರಾಮಕೃಷ್ಣಯ್ಯ, ಮದ್ದಳೆಗೆ ಹಿರಿಯಡಕ ಗೋಪಾಲರಾವ್. ಪದವಿ ಇದ್ದವರನ್ನು ಹುಡುಕದೆ ಹೆಜ್ಜೆ ಗೊತ್ತಿದ್ದವರನ್ನು ಕಾಲೇಜಿನ ಆವರಣಕ್ಕೆ ಕರೆತಂದದ್ದು ಆ ಕಾಲಕ್ಕೆ ಸಣ್ಣ ನಿರ್ಧಾರವಲ್ಲ. ಏರುಮದ್ದಳೆಯ ಪ್ರಯೋಗಕ್ಕೆ ಹೆಸರಾಗಿದ್ದ ಗೋಪಾಲರಾವ್ ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಬಡಗಿನ ಹಳೆಯ ಮಟ್ಟುಗಳ ಬಗ್ಗೆ ಕೇಳಬೇಕಾದ ಸಂಶೋಧಕರೆಲ್ಲ ಕೊನೆಯವರೆಗೂ ಅವರ ಮನೆಯ ದಾರಿ ಹಿಡಿಯುತ್ತಿದ್ದರು.

ಕೇಂದ್ರದ ಸಾಧನೆಯೆಂದರೆ ಕಾರಂತರ ಯಕ್ಷರಂಗ ಪ್ರಯೋಗಗಳು, ವಿದೇಶ ಪ್ರವಾಸಗಳು ಮೊದಲು ನೆನಪಾಗುತ್ತವೆ. ಶಿಕ್ಷಣದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು ಅದರ ದಿನಚರಿ. ವಿದ್ಯಾರ್ಥಿ ಕೇಂದ್ರದಲ್ಲೇ ವಾಸ ಮಾಡುತ್ತಾನೆ. ಊಟ, ವಸತಿ, ಪಾಠಕ್ಕೆ ಹಣ ಇಲ್ಲ. ಬೆಳಗ್ಗೆ ಮತ್ತು ಸಂಜೆ ಅಭ್ಯಾಸ. ನಡುವಿನ ಹೊತ್ತಿನಲ್ಲಿ ಹತ್ತಿರದ ಶಾಲೆ, ಕಾಲೇಜು. ಮೇಳದ ಪದ್ಧತಿಯಲ್ಲಿ ಒಂದನ್ನು ಬಿಟ್ಟೇ ಇನ್ನೊಂದು ಹಿಡಿಯಬೇಕಿತ್ತು. ಇಲ್ಲಿ ಎರಡೂ ಒಂದೇ ಸೂರಿನಡಿ ಬಂದವು. ಮಗನನ್ನು ಕುಣಿತಕ್ಕೆ ಕಳಿಸಿದರೆ ಓದು ಕೆಡುತ್ತದೆ ಎಂಬ ಅಂಜಿಕೆ ಬಡವರ ಮನೆಯಲ್ಲೇ ಹೆಚ್ಚು, ಏಕೆಂದರೆ ಅಲ್ಲಿ ಓದೇ ಏಕೈಕ ಬಂಡವಾಳ. ಆ ಅಂಜಿಕೆಯನ್ನು ಕೇಂದ್ರ ತೆಗೆದುಹಾಕಿತು. ಮಗನನ್ನು ಓದಿಸಲು ಆಗದ ತಂದೆತಾಯಿ ಓದಿಗಾಗಿಯೇ ಅವನನ್ನು ಕೇಂದ್ರಕ್ಕೆ ಬಿಟ್ಟು, ಹುಡುಗ ಕಲಾವಿದನೂ ಆದ ಸಂಗತಿಗಳಿವೆ. ಹೀಗಾಗಿ ಕರಾವಳಿಯ ಹೊರಗಿನ ಜಿಲ್ಲೆಗಳಿಂದ, ಯಕ್ಷಗಾನವನ್ನೇ ಕಾಣದ ಊರುಗಳಿಂದಲೂ ಹುಡುಗರು ಬಂದರು. ಮನೆಮಾತಿನ ಸೊಗಡು ಬೇರೆಯಾದರೂ ರಂಗದ ಕನ್ನಡ ಅವರಿಗೆ ಒಲಿಯಿತು. ಇಂದ್ರಾಳಿಯಲ್ಲಿ ನೆಲೆಗೊಂಡಿರುವ ಈ ಕೇಂದ್ರ ಇಂದು ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಯ ಆಶ್ರಯದಲ್ಲಿದೆ.

ಈ ಪರಂಪರೆಯ ಅತ್ಯಂತ ಸ್ಪಷ್ಟ ನಿದರ್ಶನ ಬನ್ನಂಜೆ ಸಂಜೀವ ಸುವರ್ಣರು. ಬಡತನದಿಂದಾಗಿ ಪ್ರಾಥಮಿಕ ಹಂತದಲ್ಲೇ ಶಾಲೆ ಬಿಟ್ಟ ಅವರು ಮೇಳದ ದಾರಿಯನ್ನೂ ಕೇಂದ್ರದ ದಾರಿಯನ್ನೂ ಕಂಡವರು. ವೀರಭದ್ರ ನಾಯಕರ, ಗೋಪಾಲರಾಯರ ಕೈಯಲ್ಲಿ ಪಳಗಿ, ಕಾರಂತರ ತಂಡದಲ್ಲಿ ಕುಣಿದು, ಅದೇ ಕೇಂದ್ರದ ಗುರುವಾಗಿ ದಶಕಗಳ ಕಾಲ ಅದನ್ನು ನಡೆಸಿದರು. ರಂಗಭೂಮಿಯ ವಿದ್ಯಾರ್ಥಿಗಳು, ಶಾಸ್ತ್ರೀಯ ನರ್ತಕರು, ವಿದೇಶಿ ಸಂಶೋಧಕರು ಅವರ ಬಳಿ ಕಲಿತರು. ಆದರೆ ಸುವರ್ಣರ ಪಾಠದ ತಿರುಳು ಕೇಂದ್ರದಲ್ಲೇ ಉಂಡು ಮಲಗುವ ಹುಡುಗರಿಗೆ ಮೀಸಲು. ಹಾಗೆ ಬೆಳೆದ ಗುರು ಶಿಷ್ಯನ ಬಡತನವನ್ನು ಅರ್ಜಿ ನಮೂನೆಯಿಂದ ತಿಳಿಯಬೇಕಾಗಿಲ್ಲ.

ಉಡುಪಿಯ ಕೇಂದ್ರಕ್ಕೆ ಸಮಕಾಲೀನವಾಗಿ ತೆಂಕುತಿಟ್ಟಿಗೆ ಧರ್ಮಸ್ಥಳದಲ್ಲಿ ಯಕ್ಷಗಾನ ಲಲಿತಕಲಾ ಕೇಂದ್ರ ಆರಂಭವಾಯಿತು. ಡಿ. ವೀರೇಂದ್ರ ಹೆಗ್ಗಡೆಯವರ ಆಶ್ರಯ, ಪಡ್ರೆ ಚಂದು ಅವರಂಥ ಗುರುಗಳ ಪಾಠ. ಅನ್ನದಾನಕ್ಕೆ ಹೆಸರಾದ ಕ್ಷೇತ್ರದಲ್ಲಿ ವಿದ್ಯಾರ್ಥಿಗಳ ಊಟ ಚಿಂತೆಯ ವಿಷಯವೇ ಆಗಲಿಲ್ಲ. ತೆಂಕಿನ ಮೇಳಗಳಲ್ಲಿ ಮುಂದೆ ಹೆಸರು ಮಾಡಿದ ಹಲವರು ಅಲ್ಲಿ ಹೆಜ್ಜೆ ಕಲಿತವರು. ಬಡಗಿನಲ್ಲಿ ಐರೋಡಿ ಸದಾನಂದ ಹೆಬ್ಬಾರರು ಹಂಗಾರಕಟ್ಟೆಯಲ್ಲಿ ಕಟ್ಟಿದ ಕಲಾಕೇಂದ್ರಕ್ಕೆ ಭಾಗವತ ನಾರ್ಣಪ್ಪ ಉಪ್ಪೂರರ ಪಾಠದ ಬಲವಿತ್ತು. ಕ್ಷೇತ್ರದ ಆಸರೆ ಇಲ್ಲದ, ವಿದ್ಯಾಸಂಸ್ಥೆಯ ಬೆನ್ನೂ ಇಲ್ಲದ ಇಂಥ ಕೇಂದ್ರಗಳು ದಾನಿಗಳ ಮನೆಬಾಗಿಲು ತಟ್ಟಿಯೇ ನಡೆಯಬೇಕಾಯಿತು.

ಉತ್ತರ ಕನ್ನಡದಲ್ಲಿ ದಾರಿ ಇನ್ನೊಂದು ಬಗೆಯದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಅವರ ಮಗ ಶಂಭು ಹೆಗಡೆಯವರು ಮುನ್ನಡೆಸಿ, 1986ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗ ಶಿಕ್ಷಣ ಕೇಂದ್ರವನ್ನು ತೆರೆದರು. ಇಲ್ಲಿ ಮೇಳವೇ ಶಾಲೆಯನ್ನು ಹೆತ್ತಿತು. ದೆಹಲಿಯಲ್ಲಿ ಮಾಯಾರಾವ್ ಅವರ ಬಳಿ ನೃತ್ಯಸಂಯೋಜನೆ ಅಭ್ಯಾಸ ಮಾಡಿದ್ದ ಶಂಭು ಹೆಗಡೆಯವರಿಗೆ ಆಧುನಿಕ ತರಬೇತಿಯ ಶಿಸ್ತು ಗೊತ್ತಿತ್ತು, ಮೇಳದ ಹುಡುಗನ ಹಸಿವೂ ಗೊತ್ತಿತ್ತು. ಗುರುಕುಲದ ಮಾದರಿಯಲ್ಲಿ ನಡೆದ ಶ್ರೀಮಯದಲ್ಲಿ ಕಲಿತವರಿಗೆ ಮಂಡಳಿಯ ರಂಗವೇ ಎದುರಿಗಿತ್ತು. 2009ರಲ್ಲಿ ಶಂಭು ಹೆಗಡೆಯವರು ತೀರಿಕೊಂಡ ಮೇಲೆ ಮಗ ಶಿವಾನಂದ ಹೆಗಡೆಯವರು ಅದನ್ನು ಮುಂದುವರಿಸಿದರು.

ಶಾಸ್ತ್ರೀಯ ನೃತ್ಯದ ಲೋಕಕ್ಕೆ ಹೋಲಿಸಿದರೆ ಈ ಏರ್ಪಾಟುಗಳ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ. ಬೆಂಗಳೂರು, ಮೈಸೂರು, ಮಂಗಳೂರಿನ ಭರತನಾಟ್ಯ ಶಾಲೆಗಳು ತಿಂಗಳ ಶುಲ್ಕದ ಮೇಲೆ ನಿಂತಿವೆ. ಶುಲ್ಕವಾದರೂ ತೆರಬಹುದು, ರಂಗಪ್ರವೇಶದ ವೆಚ್ಚ ಮಧ್ಯಮ ವರ್ಗವನ್ನೂ ಅಲುಗಾಡಿಸುತ್ತದೆ: ಸಭಾಂಗಣದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ರೇಷ್ಮೆ ಉಡುಪು, ಆಭರಣ, ಆಹ್ವಾನಪತ್ರಿಕೆ, ಬಂದವರಿಗೆ ಊಟ. ಪ್ರತಿಭಾವಂತ ಬಡ ವಿದ್ಯಾರ್ಥಿಗಳಿಂದ ಹಣ ಪಡೆಯದೆ ಕಲಿಸುವ ಗುರುಗಳು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆದರೆ ಅದು ಒಬ್ಬೊಬ್ಬ ಗುರುವಿನ ಔದಾರ್ಯ. ಆ ಗುರುವಿನ ಜೊತೆಗೇ ಅದೂ ಮುಗಿಯುತ್ತದೆ.

ಸರ್ಕಾರದ ನೆರವು ಮುಖ್ಯವಾಗಿ ಈ ಶುಲ್ಕದ ಲೋಕವನ್ನು ಕಣ್ಣಮುಂದಿಟ್ಟುಕೊಂಡು ರೂಪಗೊಂಡಿತು. ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ 1982ರಿಂದ ಪ್ರತಿಭಾನ್ವೇಷಣೆಯ ವಿದ್ಯಾರ್ಥಿವೇತನ ನೀಡುತ್ತ ಬಂದಿದೆ. 10ರಿಂದ 14 ವರ್ಷದ ಮಕ್ಕಳು ಇದಕ್ಕೆ ಅರ್ಹರು; ಗುರುವಿಗೆ ಕಟ್ಟಿದ ಶುಲ್ಕವನ್ನು ಒಂದು ಮಿತಿಯವರೆಗೆ ಮರಳಿ ಕೊಡುವುದು ಅದರ ಒಂದು ಅಂಶ. ಅರ್ಜಿದಾರ ಮಾನ್ಯತೆ ಪಡೆದ ಶಾಲೆಯಲ್ಲಿ ಓದುತ್ತಿರಬೇಕು, ಇಲ್ಲವೇ ಸಾಂಪ್ರದಾಯಿಕ ಕಲೆಯ ಮನೆತನದವನಾಗಿರಬೇಕು. 18ರಿಂದ 25 ವರ್ಷದ ಯುವ ಕಲಾವಿದರಿಗೆ ಸಂಸ್ಕೃತಿ ಸಚಿವಾಲಯ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುವ ಯೋಜನೆ ಇನ್ನೊಂದು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯೂ ಶಿಷ್ಯವೇತನ ನೀಡುತ್ತದೆ. ಇವೆಲ್ಲ ಆಯ್ಕೆಯಾದವರಿಗೆ ದಾರಿ ಸುಗಮ ಮಾಡಿವೆ. ಆದರೆ ಆಯ್ಕೆಯಾಗಬೇಕಾದರೆ ಮೊದಲೇ ಸ್ವಲ್ಪ ಕಲಿತಿರಬೇಕು, ಅರ್ಜಿ ತುಂಬಿಸುವವರು ಮನೆಯಲ್ಲಿರಬೇಕು, ಸಂದರ್ಶನದ ಊರಿಗೆ ಹೋಗಿಬರಬೇಕು. ಕಲಿಕೆಯ ಮೊದಲ ಎರಡು ವರ್ಷ ದಾಟಿಸುವ ಕೆಲಸವನ್ನು ವಿದ್ಯಾರ್ಥಿವೇತನ ಮಾಡಲಾರದು. ಉಡುಪಿ, ಧರ್ಮಸ್ಥಳ, ಗುಣವಂತೆಯ ಕೇಂದ್ರಗಳು ಮಾಡಿದ್ದು ಆ ಕೆಲಸವನ್ನೇ. ಏನೂ ಬಾರದ ಹುಡುಗನನ್ನು ಒಳಗೆ ಬಿಟ್ಟುಕೊಂಡವು.

ವಸತಿ ಕೇಂದ್ರಗಳ ಮಿತಿ ಸಂಖ್ಯೆಯಲ್ಲಿತ್ತು. ಎಷ್ಟು ಚಾಪೆ ಹಾಸಬಹುದೋ ಅಷ್ಟೇ ವಿದ್ಯಾರ್ಥಿಗಳು. ಇದನ್ನು ಮೀರಿದ ದಾರಿಯೆಂದರೆ ಕಲೆಯನ್ನೇ ಮಕ್ಕಳ ಊರಿಗೆ ಒಯ್ಯುವುದು. ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆಯವರು 1975ರ ಹೊತ್ತಿಗೆ ಸಾಲಿಗ್ರಾಮ ಮಕ್ಕಳ ಮೇಳವನ್ನು ಕಟ್ಟಿ, ಶಾಲೆಗೆ ಹೋಗುವ ಮಕ್ಕಳೇ ಪೂರ್ಣ ಪ್ರಸಂಗ ಆಡಬಲ್ಲರೆಂದು ತೋರಿಸಿದರು. ಹೊಸ್ತೋಟ ಮಂಜುನಾಥ ಭಾಗವತರು (1940–2020) ಕಟ್ಟಡವನ್ನೇ ನೆಚ್ಚಲಿಲ್ಲ. ಊರಿಂದೂರಿಗೆ ಹೋಗಿ, ಕರೆದವರ ಮನೆಯಲ್ಲಿ ಉಳಿದು, ಕಲಿಸಿ ಮುಂದೆ ಸಾಗುವುದು ಅವರ ಕ್ರಮ. ಹೆಣ್ಣುಮಕ್ಕಳಿಗೆ ಕಲಿಸಿದರು. ಶಿವಮೊಗ್ಗದಲ್ಲಿ ಅಂಧ ಮಕ್ಕಳಿಗೆ ಕುಣಿತ ಕಲಿಸಿ ಆಟ ಆಡಿಸಿದರು. ನೋಡಿ ಕಲಿಯುವ ವಿದ್ಯೆಯೆಂದೇ ಎಲ್ಲರೂ ತಿಳಿದಿದ್ದ ಹೆಜ್ಜೆಯನ್ನು ಮುಟ್ಟಿ, ಕೇಳಿ ಕಲಿಯುವಂತೆ ಹೇಳಿಕೊಟ್ಟದ್ದು ಯಕ್ಷಗಾನ ಶಿಕ್ಷಣದಲ್ಲಿ ಬೇರೆ ಯಾರೂ ಅಷ್ಟು ದೂರ ನಡೆಯದ ದಾರಿ. ಪ್ರತಿಫಲದ ಮಾತನ್ನು ಎಂದೂ ಮುಂದಿಡದ ಈ ಯಕ್ಷಋಷಿಯ ಶಿಷ್ಯರು ಮಲೆನಾಡಿನಲ್ಲೂ ಕರಾವಳಿಯಲ್ಲೂ ಹರಡಿದ್ದಾರೆ.

ವ್ಯಕ್ತಿಗಳು ಮಾಡಿದ್ದನ್ನು ಸಂಸ್ಥೆಗಳು ದೊಡ್ಡದಾಗಿ ಕೈಗೆತ್ತಿಕೊಂಡದ್ದು ಈ ಶತಮಾನದಲ್ಲಿ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗದ ಕಾರ್ಯಕರ್ತರ ದುಡಿಮೆಯಿಂದ ನಡೆಯುವ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ಉಚಿತವಾಗಿ ಕಲಿಸುತ್ತಿದೆ. ವರ್ಷದ ಕೊನೆಗೆ ಮಕ್ಕಳು ಪೂರ್ಣ ವೇಷ ಕಟ್ಟಿ ಸಾರ್ವಜನಿಕರೆದುರು ಪ್ರಸಂಗ ಆಡುತ್ತಾರೆ. ಭಾಗವತ ಪಟ್ಲ ಸತೀಶ ಶೆಟ್ಟಿಯವರು 2015ರಲ್ಲಿ ಆರಂಭಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್, ಅಶಕ್ತ ಕಲಾವಿದರ ನೆರವಿನ ಜೊತೆಗೆ ತೆಂಕು ಸೀಮೆಯ ಶಾಲೆಗಳಲ್ಲಿ ಇಂಥದೇ ತರಬೇತಿ ಕೈಗೊಂಡಿತು. ಈ ತರಗತಿಗಳ ದೊಡ್ಡ ಫಲ ಹುಡುಗಿಯರು. ಮೇಳಕ್ಕೆ ಹೋಗಲಾಗದ, ವಸತಿ ಕೇಂದ್ರಕ್ಕೆ ಮನೆಯವರು ಕಳಿಸದ ಹುಡುಗಿ ಶಾಲೆಯ ಜಗಲಿಯಲ್ಲಿ ಹೆಜ್ಜೆ ಕಲಿಯಬಹುದು. ನೂರಾರು ವರ್ಷ ಗಂಡುಮಕ್ಕಳಿಗಷ್ಟೇ ದೊರೆತ ಬಿಟ್ಟಿ ವಿದ್ಯೆಯಲ್ಲಿ ಅವಳಿಗೂ ಪಾಲು ಸಿಕ್ಕಿತು. ವಾರಕ್ಕೆ ಒಂದೆರಡು ಗಂಟೆಯ ಇಂಥ ಪಾಠದಿಂದ ವೃತ್ತಿ ಕಲಾವಿದರು ಹುಟ್ಟುವುದು ಅಪರೂಪ ಎಂಬ ಆಕ್ಷೇಪ ನ್ಯಾಯವೇ. ಆದರೂ ತಾಳದ ಗುರುತು ಹತ್ತಿದ ಮಕ್ಕಳಲ್ಲಿ ಕೆಲವರು ಮುಂದೆ ವಸತಿ ಕೇಂದ್ರವನ್ನೋ ಹವ್ಯಾಸಿ ತಂಡವನ್ನೋ ಸೇರಿಕೊಳ್ಳುತ್ತಾರೆ.

ಕಲಾರಂಗದ ವಿದ್ಯಾಪೋಷಕ್ ಯೋಜನೆಯನ್ನು ಇಲ್ಲಿ ಬೇರೆಯಾಗಿ ಹೆಸರಿಸಬೇಕು. ಅದು ಪ್ರತಿಭಾವಂತ ಬಡ ಮಕ್ಕಳ ಕಾಲೇಜು ಓದಿಗೆ ನೆರವಾಗುತ್ತದೆ, ಮನೆಯೇ ಇಲ್ಲದವರಿಗೆ ದಾನಿಗಳ ಮೂಲಕ ಮನೆ ಕಟ್ಟಿಸಿಕೊಟ್ಟದ್ದೂ ಉಂಟು. ಯಕ್ಷಗಾನದ ಸಂಘಟನೆಯೊಂದು ಕುಣಿತದ ಪಾಠವನ್ನೂ ಕಾಲೇಜಿನ ಶುಲ್ಕವನ್ನೂ ಒಂದೇ ಕಚೇರಿಯಿಂದ ನೋಡಿಕೊಳ್ಳುವುದು ಅರ್ಧ ಶತಮಾನದ ಹಿಂದೆ ಉಡುಪಿಯ ಕೇಂದ್ರ ಹಿಡಿದ ದಾರಿಯ ಮುಂದುವರಿಕೆ.

ಉಚಿತ ಶಿಕ್ಷಣದ ಖರ್ಚುಗಳ ಪಟ್ಟಿ ಈ ಅವಧಿಯಲ್ಲಿ ಬದಲಾಗಿದೆ. ಅಕ್ಕಿ, ಬೇಳೆ ಮೊದಲಿನಷ್ಟು ಭಾರವಲ್ಲ. ಈಗ ಭಾರವಾದದ್ದು ಗುರುವಿನ ಸಂಭಾವನೆ, ಪ್ರದರ್ಶನದ ದಿನದ ವೇಷಭೂಷಣದ ಬಾಡಿಗೆ, ಹಿಮ್ಮೇಳ. ಇಪ್ಪತ್ತು ಮಕ್ಕಳ ಒಂದು ತಂಡಕ್ಕೆ ಕಿರೀಟ, ಕೇದಗೆಮುಂದಲೆ, ಎದೆಕಟ್ಟು, ಗೆಜ್ಜೆ ಹೊಂದಿಸಿ, ಬಣ್ಣ ಬರೆಯುವವರನ್ನು ಕರೆಸಿ, ಭಾಗವತ, ಮದ್ದಳೆ, ಚೆಂಡೆಯವರನ್ನು ಗೊತ್ತುಮಾಡಬೇಕು. ಮೇಳದ ಕಾಲದಲ್ಲಿ ಇವೆಲ್ಲ ಮೇಳದ ಪೆಟ್ಟಿಗೆಯಲ್ಲೇ ಇದ್ದವು, ಕೋಡಂಗಿಗೆ ಬೇರೆ ಲೆಕ್ಕ ಇರಲಿಲ್ಲ. ಶಾಲೆಯ ತರಗತಿಗಳು ಎಲ್ಲಾದರೂ ನಿಲ್ಲುವುದಿದ್ದರೆ ಹೆಚ್ಚಾಗಿ ಈ ಹಂತದಲ್ಲಿ: ಪಾಠಕ್ಕೆ ದಾನಿ ಸಿಗುತ್ತಾರೆ, ಆಟಕ್ಕೆ ಸಿಗುವುದಿಲ್ಲ. ಉಡುಪಿಯ ಟ್ರಸ್ಟ್ ಹಲವು ಶಾಲೆಗಳ ಪ್ರದರ್ಶನಗಳನ್ನು ಒಟ್ಟಾಗಿ, ಸಾಲು ದಿನಗಳಲ್ಲಿ ಏರ್ಪಡಿಸುವ ಪದ್ಧತಿ ಇಟ್ಟುಕೊಂಡದ್ದರಿಂದ ರಂಗಸ್ಥಳ, ವೇಷದ ಸಾಮಗ್ರಿ, ಹಿಮ್ಮೇಳದ ಹೊರೆ ಹಂಚಿಹೋಗುತ್ತದೆ. ಒಂದು ಶಾಲೆಯ ಮಕ್ಕಳು ಬಣ್ಣ ತೊಳೆಯುವ ಹೊತ್ತಿಗೆ ಮುಂದಿನ ಶಾಲೆಯವರು ಚೌಕಿಯೊಳಗೆ ಬಂದಿರುತ್ತಾರೆ.